ಯಾರೂ ಓದದ ವರದಿ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯಲ್ಲಿ ಎಲ್ಲರೂ ತೆರೆದು ನೋಡುವ ಪುಟ ಒಂದೇ, ಪ್ರಮಾಣಪತ್ರದ್ದು. ಇದು ಈ ನಾಲ್ವರು ವಿದ್ಯಾರ್ಥಿಗಳು ತಾವೇ ಮಾಡಿದ ಕೆಲಸ ಎಂದು ಬರೆದು, ಕೆಳಗೆ ಗೈಡ್, ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರು ಸಹಿ ಹಾಕುತ್ತಾರೆ. ಮುಂದಿನ ಪುಟದಲ್ಲಿ ಅದನ್ನೇ ನಾವು ಘೋಷಿಸಿ ಸಹಿ ಹಾಕಬೇಕು. ಮೂರೂವರೆ ವರ್ಷ ಹಾಲ್ ಟಿಕೆಟ್‌ಗೂ ಲ್ಯಾಬ್ ರೆಕಾರ್ಡಿಗೂ ಸಹಿ ಹಾಕಿ ಹಾಕಿ ಕೈ ಪಳಗಿದೆ, ನಿಜ. ಆದರೆ ‘ಇದು ಸತ್ಯ, ಇದಕ್ಕೆ ನಾನು ಹೊಣೆ’ ಎಂದು ಹಾಕುವ ಮೊದಲ ಸಹಿ ಇದೇ.

ದುಡ್ಡು ಕೊಟ್ಟು ಪ್ರಾಜೆಕ್ಟ್ ಕೊಳ್ಳುವವರ ಬಗ್ಗೆ ನಾನಿಲ್ಲಿ ಬರೆಯುತ್ತಿಲ್ಲ. ಅಲ್ಲಿ ತಪ್ಪು ಯಾವುದು ಎಂಬುದು ಕೊಳ್ಳುವವನಿಗೂ ಗೊತ್ತಿರುತ್ತದೆ. ನನ್ನನ್ನು ಇವತ್ತಿಗೂ ಕಾಡುವ ಪ್ರಶ್ನೆ ಸಣ್ಣದು. ಯಾರೂ ಓದದ ಕಡೆ ಸತ್ಯವನ್ನೇ ಬರೆಯಬೇಕೇ?

ನಮ್ಮದು ಸಿವಿಲ್. ಮರಳಿನ ಒಂದು ಪಾಲಿನ ಬದಲು ಕ್ವಾರಿ ಧೂಳು ಹಾಕಿದರೆ ಕಾಂಕ್ರೀಟು ಎಷ್ಟು ಗಟ್ಟಿಯಾಗುತ್ತದೆ ಎಂದು ನೋಡುವುದು ಪ್ರಾಜೆಕ್ಟ್. ಇದರಲ್ಲಿ ಹೊಸದೇನೂ ಇಲ್ಲ, ನಮ್ಮ ಸೀನಿಯರ್‌ಗಳೂ ಮಾಡಿದ್ದರು. 150 ಮಿಲಿಮೀಟರಿನ ಕ್ಯೂಬುಗಳನ್ನು ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು, ಯಂತ್ರದಡಿ ಒಡೆಯಬೇಕು. ಕೊನೆಯ ಮೂರು ಕ್ಯೂಬು ಹೊಯ್ದ ದಿನ ನಡುವೆ ಕರೆಂಟು ಹೋಗಿ ವೈಬ್ರೇಟಿಂಗ್ ಟೇಬಲ್ ನಿಂತಿತು. ಮೂರನೆಯದನ್ನು ಸರಳಿನಿಂದ ಕುಟ್ಟಿ ತುಂಬಿಸಿದೆವು. 28 ದಿನ ಕಳೆದು ಒಡೆದಾಗ ಮೊದಲಿನವು ಚದರ ಮಿಲಿಮೀಟರಿಗೆ 25 ಮತ್ತು 24 ನ್ಯೂಟನ್ ತಡೆದವು. ಮೂರನೆಯದು 382 ಕಿಲೋನ್ಯೂಟನ್ ಭಾರಕ್ಕೇ ಬಾಯಿಬಿಟ್ಟಿತು. ಲೆಕ್ಕ ಹಾಕಿದರೆ 17.

ಮೂರರ ಸರಾಸರಿ 22. ಐಎಸ್ 456 ಪ್ರಕಾರ ಯಾವ ಕ್ಯೂಬೂ ಸರಾಸರಿಯಿಂದ ಶೇಕಡಾ 15ಕ್ಕಿಂತ ಆಚೀಚೆ ಹೋಗಬಾರದು, ಹೋದರೆ ಆ ಪರೀಕ್ಷೆಯೇ ಅಸಿಂಧು. ಮತ್ತೆ ಹೊಯ್ಯೋಣವೆಂದರೆ ಇನ್ನೊಂದು 28 ದಿನ ಬೇಕು, ವರದಿ ಒಪ್ಪಿಸಲು ಉಳಿದಿದ್ದುದು ಹನ್ನೆರಡು.

“17ನ್ನ 23 ಮಾಡು ಮಗಾ, ಸರಾಸರಿ 24 ಬರುತ್ತೆ, ಚೆನ್ನಾಗಿ ಕೂರುತ್ತೆ,” ಎಂದ ತಂಡದ ಗೆಳೆಯ.

ಅವನು ಸೋಮಾರಿಯಲ್ಲ. ಬೆಳಿಗ್ಗೆ ಆರಕ್ಕೆ ಬಂದು ಜಲ್ಲಿ ಜರಡಿ ಹಿಡಿದವನು. ಅವನ ವಾದವೂ ಗಟ್ಟಿಯಾಗಿತ್ತು. ಸುಳ್ಳು ಎನ್ನಬೇಕಾದರೆ ಮೋಸಹೋಗುವವನೊಬ್ಬ ಬೇಕಲ್ಲವೇ? ಗೈಡ್ ಓದುವುದಿಲ್ಲ, ಓದುವುದಿಲ್ಲವೆಂದು ನಮಗೆ ಗೊತ್ತು, ನಮಗೆ ಗೊತ್ತೆಂದು ಅವರಿಗೂ ಗೊತ್ತು. ವರದಿ ಒಂದಷ್ಟು ವರ್ಷ ಬೀರುವಿನಲ್ಲಿದ್ದು ಆಮೇಲೆ ರದ್ದಿಗೆ ಹೋಗುತ್ತದೆ. ನಾಲ್ವರಲ್ಲಿ ಮೂವರಿಗೆ ಆಗಲೇ ಸಾಫ್ಟ್‌ವೇರ್ ಕಂಪನಿಯ ಆಫರ್ ಬಂದಿದೆ, ಇನ್ನು ಜನ್ಮದಲ್ಲಿ ಕಾಂಕ್ರೀಟು ಮುಟ್ಟುವವರಲ್ಲ. ಪುಣ್ಯಕೋಟಿಗಾದರೂ ಮಾತು ಕೇಳಿಸಿಕೊಂಡ ಹುಲಿಯೊಂದು ಕಾಯುತ್ತಿತ್ತು. ನಮಗೆ ಹುಲಿಯೂ ಇಲ್ಲ.

ನಾನು ಮೊದಲು ಎತ್ತಿಕೊಂಡದ್ದು ತರಗತಿಯಲ್ಲಿ ಕೇಳಿದ ಉದಾಹರಣೆ. 1907ರ ಆಗಸ್ಟ್ 29ರಂದು ಕೆನಡಾದ ಕ್ವಿಬೆಕ್ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು 75 ಮಂದಿ ಸತ್ತರು. ನಡುವಿನ ಅಂತರವನ್ನು 1,600 ಅಡಿಯಿಂದ 1,800ಕ್ಕೆ ಹಿಗ್ಗಿಸಿದ ಮೇಲೂ ಸೇತುವೆಯ ಸ್ವಂತ ಭಾರದ ಹಳೆಯ ಅಂದಾಜನ್ನೇ ಉಳಿಸಿಕೊಂಡಿದ್ದರು. “ನಮ್ಮ ಕ್ಯೂಬಿನ ಕೆಳಗೆ ಯಾರು ನಿಂತಿದಾರೆ?” ಎಂದ. ಯಾರೂ ನಿಂತಿರಲಿಲ್ಲ. ಎಂಜಿನಿಯರಿಗೆ ನೀತಿ ಹೇಳುವಾಗ ನಾವು ಸದಾ ಹೆಣಗಳನ್ನು ಎಣಿಸುತ್ತೇವೆ. ಹೆಣ ಬೀಳದ ಕಡೆ ನಮಗೆ ಮಾತೇ ಬರುವುದಿಲ್ಲ. ಸೆಪ್ಟೆಂಬರ್ 15 ಬಂದರೆ ಭಾಷಣಗಳಲ್ಲಿ ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿಯ ಕಥೆ ಇದ್ದೇ ಇರುತ್ತದೆ. (ಅದೇ ಕಥೆಯನ್ನು ದೀಪದೆಣ್ಣೆ ಇಟ್ಟು ಚಾಣಕ್ಯನ ಹೆಸರಲ್ಲೂ ಕೇಳಿದ್ದೇನೆ.) ಅಲ್ಲೂ ನೋಡುವವನೊಬ್ಬ ಇದ್ದಾನೆ, ಇಲ್ಲದಿದ್ದರೆ ಕಥೆ ನಮ್ಮವರೆಗೆ ಬರುತ್ತಿತ್ತೇ?

ಆಮೇಲೆ ಹೊಳೆದದ್ದು ಜೂನಿಯರ್‌ಗಳು. ನಾವು ನಮ್ಮ ಎರಡನೆಯ ಅಧ್ಯಾಯ ಬರೆದದ್ದೇ ಹಿಂದಿನ ಬ್ಯಾಚುಗಳ ವರದಿ ಇಟ್ಟುಕೊಂಡು. ನಮ್ಮ 24 ಕೂಡ ಮುಂದಿನ ವರ್ಷ ‘ಹಿಂದಿನ ಅಧ್ಯಯನಗಳ ಪ್ರಕಾರ’ ಎಂದು ಇನ್ನೊಂದು ವರದಿಗೆ ಹೋಗುತ್ತದೆ. ನಮ್ಮ ಸೀನಿಯರ್‌ಗಳ ಅಂಕಿಗಳು ಅಷ್ಟೊಂದು ನುಣ್ಣಗೆ ಯಾಕಿದ್ದವು ಎಂಬ ಅನುಮಾನವೂ ಆಗಲೇ ಹುಟ್ಟಿತು. ಗೆಳೆಯ ಇದನ್ನು ಒಪ್ಪಿದ. ಒಪ್ಪಿ, “ಸರಿ, ಜೂನಿಯರ್‌ಗಳೇ ಇಲ್ಲ ಅಂತಿಟ್ಕೋ. ಆಗ 23 ಬರೀತಿದ್ಯಾ?” ಎಂದು ಕೇಳಿದ.

ಈ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇರುವುದೂ ಪೂರ್ತಿ ಉತ್ತರವೇನಲ್ಲ. ನಮ್ಮ ವರದಿಯ ಅರವತ್ತೆಂಟು ಪುಟಗಳಲ್ಲಿ ವಿಧಾನ ಐಎಸ್ ಸಂಹಿತೆಯದು, ಪೀಠಿಕೆ ಸೀನಿಯರ್‌ಗಳದು, ಕೃತಜ್ಞತೆಯ ಪುಟವಂತೂ ಊರಿಗೆಲ್ಲ ಒಂದೇ. 25 ಮತ್ತು 24 ಎಲ್ಲರಿಗೂ ಬರುವ ಅಂಕಿಗಳು. ಕರೆಂಟು ಹೋದ ಮಧ್ಯಾಹ್ನ ಸರಳು ಹಿಡಿದು ಕುಟ್ಟಿದರೆ ಕಾಂಕ್ರೀಟಿನೊಳಗೆ ಗಾಳಿ ಉಳಿದು ಏನಾಗುತ್ತದೆ ಎಂಬುದು ಮಾತ್ರ ನಾವೇ ಕಂಡದ್ದು. ‘ತಾವೇ ಮಾಡಿದ ಕೆಲಸ’ ಎಂಬ ಮಾತಿಗೆ ಸಲ್ಲುವುದು ಆ 17 ಒಂದೇ. ಅದನ್ನು ಅಳಿಸಿದರೆ ಸಹಿ ಹಾಕಲು ಏನು ಉಳಿಯುತ್ತದೆ? ಅದೂ ಅಲ್ಲದೆ, ಐದು ವರ್ಷ ಬಿಟ್ಟು ಕೇಳಿದರೆ ನನಗೆ ನೆನಪಿರುವುದು ಬರೆದ ಅಂಕಿಯೇ ಹೊರತು ಯಂತ್ರ ತೋರಿಸಿದ್ದಲ್ಲ. ಮೋಸಹೋಗುವವನೊಬ್ಬ ಬೇಕು ಎಂದಿದ್ದನಲ್ಲ, ಅವನು ನಾನೇ ಆಗುತ್ತಿದ್ದೆ.

ಕೊನೆಗೆ ಟೈಪ್ ಮಾಡಿದವನು ಅವನೇ. 17 ಎಂದೇ ಹಾಕಿದ. ಪರೀಕ್ಷೆ ಅಸಿಂಧು ಎಂಬ ಸಾಲನ್ನೂ, ಕರೆಂಟು ಹೋದದ್ದನ್ನೂ ಸೇರಿಸಿದ. ನನ್ನ ಮಾತು ಒಪ್ಪಿಗೆಯಾಗಿಯೋ, ನಿದ್ದೆಗೆಟ್ಟು ಸಾಕಾಗಿಯೋ, ನಾನು ಕೇಳಲಿಲ್ಲ. ವೈವಾ ದಿನ ಹೊರಗಿನ ಪರೀಕ್ಷಕರು ಪುಟ ಮಗುಚುತ್ತಾ ಆ ಕೋಷ್ಟಕವನ್ನು ದಾಟಿ ಹೋದರು. ಕ್ಯೂರಿಂಗ್ ಎಂದರೇನು ಎಂದು ಕೇಳಿದರು. ಪ್ಲೇಸ್‌ಮೆಂಟ್ ಆಯ್ತಾ ಎಂದು ಕೇಳಿದರು. ಸಹಿ ಹಾಕಿ, ಮುಂದಿನ ತಂಡವನ್ನು ಕರೆಯಲು ಹೇಳಿದರು.