ದಿಗ್ವ್ರತ, ರಹದಾರಿ ಮತ್ತು ತೋರಿಕೆಯ ಹಣ

ಗೃಹಸ್ಥನಿಗೆ ವಿಧಿಸಿದ ಹನ್ನೆರಡು ವ್ರತಗಳಲ್ಲಿ ಇಂದು ಮಾತಿಗೆ ಬರುವುದೇ ಅಪರೂಪವಾಗಿರುವುದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ತನ್ನ ಸಂಚಾರಕ್ಕೆ ತಾನೇ ಎಲ್ಲೆ ಹಾಕಿಕೊಂಡು, ಅದರಾಚೆ ಹೆಜ್ಜೆಯಿಡೆನೆಂದು ನಿಶ್ಚಯಿಸುವುದು ಇದರ ಸ್ವರೂಪ. ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನ ಇವನ್ನು ಎಲ್ಲೆಯ ಗುರುತುಗಳನ್ನಾಗಿ ಇಟ್ಟುಕೊಳ್ಳಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಎಲ್ಲೆಯಾಚೆಯ ಪ್ರದೇಶದ ಮಟ್ಟಿಗೆ ಆತನಿಂದ ಯಾವ ಸೂಕ್ಷ್ಮ ಪಾಪವೂ ಆಗದಿರುವುದರಿಂದ, ಅಲ್ಲಿ ಅವನ ಅಣುವ್ರತವು ಮಹಾವ್ರತದ ಮಟ್ಟವನ್ನು ಮುಟ್ಟುತ್ತದೆಂಬುದು ಅವರ ಆಶಯ. ಗಮನಿಸಬೇಕಾದ ಅಂಶವೊಂದಿದೆ. ಇಲ್ಲಿ ಎಲ್ಲೆಯನ್ನು ಎಳೆಯುವವನೂ ಅದರೊಳಗೆ ನಿಲ್ಲುವವನೂ ಒಬ್ಬನೇ. ತಡೆಯಲ್ಪಡುವುದು ಅವನದೇ ಲೋಭ. ಇಂದಿನ ವೀಸಾ ಎಂಬುದೂ ಒಂದು ಎಲ್ಲೆಯೇ. ಆದರೆ ಅದನ್ನು ಎಳೆಯುವವರು ಬೇರೆಯವರು, ತಡೆಯಲ್ಪಡುವವನು ದಾಟಬಯಸುವವನು.

ಈ ಎರಡನ್ನೂ ಬೆರೆಸಿ, ಪರದೇಶಕ್ಕೆ ಹೋಗುವುದೇ ಧರ್ಮಕ್ಕೆ ಸಲ್ಲದೆಂದು ವಾದಿಸುವವರು ಹಿಂದೆ ಇದ್ದರು. 1893ರಲ್ಲಿ ಚಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಹೊರಟ ವೀರಚಂದ ಗಾಂಧಿಯವರು ಸ್ವಸಮಾಜದಿಂದಲೇ ಈ ಆಕ್ಷೇಪವನ್ನು ಎದುರಿಸಬೇಕಾಯಿತು. ಆ ವಾದ ಮುಗಿದುಹೋಗಿದೆ. ಅದನ್ನು ಮತ್ತೆ ಕೆದಕುವ ಅಗತ್ಯವಿಲ್ಲ. ಹೋಗಬೇಕೇ ಬೇಡವೇ ಎಂಬ ಪ್ರಶ್ನೆ ತೀರಿದ ಮೇಲೆ ಹೇಗೆ ಹೋಗಬೇಕೆಂಬ ಪ್ರಶ್ನೆ ಉಳಿಯುತ್ತದೆ. ಅದು ಬೀದರ, ಭಾಲ್ಕಿ, ಔರಾದಗಳ ಮನೆಗಳಿಗೆ ಬಹು ಹತ್ತಿರದ ಪ್ರಶ್ನೆ.

ಈ ಭಾಗದವರು ಹೊರದೇಶಕ್ಕೆ ಹೊರಡುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಹೈದರಾಬಾದಿನ ಮೂಲಕ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವುದು. ಹತ್ತನೆಯ ತರಗತಿ ದಾಟದವನು ಸರ್ಕಾರ ಗೊತ್ತುಪಡಿಸಿದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯಂತೆ ಅನುಮತಿ ಪಡೆಯಬೇಕು. ನೋಂದಾಯಿತ ಏಜೆಂಟನು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ತೆರಿಗೆಯನ್ನು ಬಿಟ್ಟು 30,000 ರೂಪಾಯಿ ಮಾತ್ರ. ಈ ತಪಾಸಣೆಯನ್ನು ತಪ್ಪಿಸಲೆಂದೇ ಪ್ರವಾಸಿ ವೀಸಾದ ಮೇಲೆ ಕಳುಹಿಸಿ, ಅಲ್ಲಿ ಕೆಲಸಕ್ಕೆ ಹಚ್ಚುವ ದಲಾಲರಿದ್ದಾರೆ. ಎರಡನೆಯ ದಾರಿ ವಿದ್ಯಾರ್ಥಿಗಳದು. ಇಂಗ್ಲೆಂಡ್, ಜರ್ಮನಿ, ಕೆನಡಾ ಮೊದಲಾದ ದೇಶಗಳಲ್ಲಿ ಉನ್ನತ ವ್ಯಾಸಂಗಕ್ಕೆ ಹೋಗುವವರು ತಮ್ಮ ಖರ್ಚಿಗೆ ಸಾಕಷ್ಟು ಹಣವಿದೆಯೆಂದು ತೋರಿಸಬೇಕು.

ಈ ಎರಡೂ ದಾರಿಗಳನ್ನು ಅಳೆಯಲು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎರಡು ಅಳತೆಗೋಲುಗಳಿವೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಪತ್ರದ ರಚನೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದು ವಿರುದ್ಧರಾಜ್ಯಾತಿಕ್ರಮ, ಎಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ನಡೆಯುವುದು. ಪೂಜ್ಯಪಾದರ ಸರ್ವಾರ್ಥಸಿದ್ಧಿ ಎರಡನೆಯದನ್ನು ಮುಖ್ಯವಾಗಿ ವ್ಯಾಪಾರಕ್ಕೆ ಅನ್ವಯಿಸುತ್ತದೆ: ಬೆಲೆಬಾಳುವ ವಸ್ತು ಅಗ್ಗಕ್ಕೆ ಸಿಕ್ಕೀತೆಂದು ನ್ಯಾಯದ ದಾರಿ ಬಿಟ್ಟು ಅದನ್ನು ಪಡೆಯಲೆಳಸುವುದು. ಇದನ್ನು ಕಳವಿನ ಸಾಲಿನಲ್ಲಿ ಇಟ್ಟಿರುವುದು ವಿಚಾರಕ್ಕೆ ಯೋಗ್ಯ. ಅನ್ಯದೇಶದಲ್ಲಿ ದುಡಿದು ಗಳಿಸುವ ಅವಕಾಶವೂ ಇಂದು ಬೆಲೆಬಾಳುವ ವಸ್ತುವೇ.

ಆದರೆ ಕಾಗದದಲ್ಲಿರುವ ಪ್ರತಿಯೊಂದು ತಪ್ಪೂ ಕೂಟಲೇಖವಲ್ಲ. ಈ ಭಾಗದ ಹಿರಿಯರಲ್ಲಿ ಅನೇಕರ ಜನ್ಮದಿನ ದಾಖಲೆಯಲ್ಲಿ ಜೂನ್ 1 ಎಂದಿದೆ. ಶಾಲೆಗೆ ಹೆಸರು ಹಚ್ಚುವಾಗ ತಂದೆಗೆ ತಿಥಿ ನೆನಪಿಲ್ಲದಿದ್ದರೆ ಮಾಸ್ತರರು ತಾವೇ ಬರೆದುಕೊಂಡ ದಿನವದು. ಔರಾದದ ಕಡೆ ಒಂದೇ ಮನೆಯಲ್ಲಿ ತಾತ ಉರ್ದುವಿನಲ್ಲಿ, ತಂದೆ ಮರಾಠಿಯಲ್ಲಿ, ಮಗ ಕನ್ನಡದಲ್ಲಿ ಕಲಿತಿರುವುದುಂಟು. ಮನೆತನದ ಅಡ್ಡಹೆಸರು ಮೂರು ದಾಖಲೆಗಳಲ್ಲಿ ಮೂರು ಬಗೆಯಾಗಿ ಇಂಗ್ಲಿಷಿಗೆ ಇಳಿದಿರುತ್ತದೆ. ಪ್ರಮಾದಯೋಗದಿಂದ ಆಡಿದ್ದೇ ಅನೃತವೆಂಬುದು ಸೂತ್ರಕಾರರ ವಿವರಣೆ. ಕಪಟವಿಲ್ಲದ ಕಡೆ ದೋಷವು ಲೇಖನಿಯದು, ಮನಸ್ಸಿನದಲ್ಲ. ಅದೇ ಮನುಷ್ಯ ವಯೋಮಿತಿಯೊಳಗೆ ಸೇರಲೆಂದು ತಿಳಿದೂ ತಿಳಿದೂ ಇಸವಿಯನ್ನು ತಿದ್ದಿಸಿದರೆ ಮಾತು ಬೇರೆ. ಅದಕ್ಕೆ 1967ರ ಪಾಸ್‌ಪೋರ್ಟ್ ಕಾಯಿದೆಯಲ್ಲಿ ಎರಡು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯಿದೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ಆಧಾರವೆಂದು ಸರ್ಕಾರ ಗೊತ್ತುಮಾಡಿರುವುದರಿಂದ ಮುಂದಿನ ಪೀಳಿಗೆಗೆ ಈ ತೊಡಕು ಉಳಿಯಲಾರದು.

ಕಠಿಣವಾದುದು ಹಣದ ವಿಷಯ. ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಔರಾದದ ರೈತನೊಬ್ಬನ ಮಗನಿಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಪ್ರವೇಶ ದೊರೆತಿದೆ. ಖಾತೆಯಲ್ಲಿ ತೋರಿಸಬೇಕಾದ ಮೊತ್ತ ರೈತನಲ್ಲಿಲ್ಲ. ಅವನು ಪ್ರತಿ ವರ್ಷ ತೊಗರಿ, ಉದ್ದು ತಂದು ಹಾಕುವ ಬೀದರದ ಗಾಂಧಿ ಗಂಜಿನ ಅಡತಿ ವ್ಯಾಪಾರಿಯ ಬಳಿಗೆ ಬರುತ್ತಾನೆ. ವ್ಯಾಪಾರಿ ಆ ಮೊತ್ತವನ್ನು ಹುಡುಗನ ಖಾತೆಗೆ ಹಾಕುತ್ತಾನೆ. ತಿಂಗಳು ಕಳೆದು ವೀಸಾ ಬಂದ ಕೂಡಲೇ ಬಡ್ಡಿಸಮೇತ ಹಿಂದಕ್ಕೆ ಪಡೆಯುತ್ತಾನೆ. ಇದರಲ್ಲಿ ಖೋಟಾ ನೋಟಿಲ್ಲ, ಖೋಟಾ ಸಹಿಯಿಲ್ಲ. ಬ್ಯಾಂಕು ಕೊಟ್ಟ ಪತ್ರದಲ್ಲಿ ಪ್ರತಿ ಅಂಕಿಯೂ ನಿಜ. ಆ ದಿನದ ಶಿಲ್ಕು ಅಷ್ಟೇ ಇತ್ತು. ಹಾಗಿದ್ದರೆ ಕೂಟಲೇಖ ಎಲ್ಲಿದೆ?

ಪತ್ರದಲ್ಲಿ ಇಲ್ಲ, ಪತ್ರ ಹೇಳುವ ಮಾತಿನಲ್ಲಿದೆ ಎಂದು ಉತ್ತರಿಸಬೇಕಾಗುತ್ತದೆ. ಅಧಿಕಾರಿ ಕೇಳಿದ್ದು ಇಂದು ಖಾತೆಯಲ್ಲಿ ಎಷ್ಟಿದೆಯೆಂದಲ್ಲ. ಅಲ್ಲಿ ಹೋದ ಮೇಲೆ ಈ ಹುಡುಗ ಏನು ಉಣ್ಣುತ್ತಾನೆ, ಎಲ್ಲಿ ಮಲಗುತ್ತಾನೆ ಎಂದು. ಆ ಪ್ರಶ್ನೆಗೆ ಕೊಟ್ಟ ಉತ್ತರ ಸುಳ್ಳು. ಹಣವು 28 ದಿನ ಸತತವಾಗಿ ಖಾತೆಯಲ್ಲಿರಬೇಕೆಂದು ಇಂಗ್ಲೆಂಡ್ ನಿಯಮ ಮಾಡಿರುವುದೇ ಇಂಥ ಬಾಡಿಗೆ ಹಣದ ಗುಮಾನಿಯಿಂದ. ಜರ್ಮನಿ ಇನ್ನೂ ಮುಂದೆ ಹೋಗಿ, ವರ್ಷದ ಖರ್ಚಿನ ಹಣವನ್ನು ಬಂಧಿತ ಖಾತೆಯಲ್ಲಿ ಇಡಿಸಿ ತಿಂಗಳಿಗಿಷ್ಟೆಂದು ಬಿಡಿಸುತ್ತದೆ. ಅಲ್ಲಿ ತೋರಿಕೆಗೆ ಎಡೆಯೇ ಕಡಿಮೆ. ಒಬ್ಬನ ಜಾಣತನಕ್ಕೆ ನೂರು ಜನ ಪ್ರಾಮಾಣಿಕರು ಹೊಸ ಕಟ್ಟಳೆಯ ರೂಪದಲ್ಲಿ ದಂಡ ತೆರುತ್ತಾರೆ.

ಇದಕ್ಕೆ ಬಲವಾದ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಸಿರಿವಂತನ ಮಗನಿಗೆ ಅದೇ ಮೊತ್ತ ತಂದೆಯ ಖಾತೆಯಲ್ಲಿ ಸಹಜವಾಗಿಯೇ ಇರುತ್ತದೆ. ಬುದ್ಧಿಯಲ್ಲಿ ಅವನಿಗಿಂತ ಮೇಲಾದ ಬಡವನನ್ನು ಹಣವೆಂಬ ಒಂದೇ ಕಾರಣಕ್ಕೆ ಹೊರಗಿಡುವ ಕಟ್ಟಳೆ ನ್ಯಾಯವೇ? ಅನ್ಯಾಯದ ಕಟ್ಟಳೆಯನ್ನು ಮೀರಿದರೆ ಅದು ಕಳವೇ?

ಈ ಪ್ರಶ್ನೆಗೆ ಭಾಲ್ಕಿಯಲ್ಲೇ ಒಂದು ನಿದರ್ಶನವಿದೆ. ನಿಜಾಮರ ಆಳಿಕೆಯಲ್ಲಿ ಕನ್ನಡ ಶಾಲೆ ನಡೆಸುವುದು ದುಸ್ತರವಾಗಿದ್ದಾಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ನಾಡಿನ ಮಕ್ಕಳೂ ಬಲ್ಲರು. ಅಕ್ಷರಶಃ ನೋಡಿದರೆ ಆ ಫಲಕವೂ ನಿಜ ಹೇಳಲಿಲ್ಲ; ರಾಜ್ಯದ ಕಟ್ಟಳೆಯನ್ನೂ ಮೀರಿತು. ಆದರೂ ಅದನ್ನು ಅತಿಚಾರವೆನ್ನಲು ಯಾರ ನಾಲಗೆಯೂ ಏಳದು. ಜೈನಾಚಾರ್ಯರು ಸತ್ಯವನ್ನು ಅಹಿಂಸೆಯ ಕಾವಲಿನಲ್ಲಿ ಇಟ್ಟಿದ್ದಾರೆ; ಇತರರಿಗೆ ವಿಪತ್ತು ತರುವ ನಿಜವನ್ನೂ ಆಡಬಾರದೆಂದು ಸಮಂತಭದ್ರರು ಹೇಳುತ್ತಾರೆ. ಪಟ್ಟದ್ದೇವರ ಫಲಕದಿಂದ ಯಾರ ಅನ್ನವೂ ಹೋಗಲಿಲ್ಲ, ಅವರ ಜೋಳಿಗೆಗೆ ಒಂದು ಕಾಸೂ ಬೀಳಲಿಲ್ಲ. ಫಲಕವನ್ನು ನಂಬಿ ಯಾವ ಮಗುವೂ ಒಳಗೆ ಬಂದು ಮೋಸಹೋಗಲಿಲ್ಲ.

ತೋರಿಕೆಯ ಹಣ ಈ ಮೂರೂ ಪರೀಕ್ಷೆಗಳಲ್ಲಿ ಸೋಲುತ್ತದೆ. ಅದರಿಂದ ಬಡ್ಡಿ ಹುಟ್ಟುತ್ತದೆ. ಸಾಲಿನಲ್ಲಿ ಹಿಂದೆ ನಿಂತವರ ಅರ್ಜಿಯ ಮೇಲೆ ಸಂಶಯ ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ನಂಬಿದವನನ್ನೇ ನೋಯಿಸುತ್ತದೆ. ಬರಿಗೈಯಲ್ಲಿ ಇಳಿದ ಹುಡುಗ ವಿದ್ಯಾರ್ಥಿಗೆ ವಾರಕ್ಕೆ ಗೊತ್ತುಪಡಿಸಿದ ಗಂಟೆಗಳನ್ನು ಮೀರಿ ಕದ್ದು ದುಡಿಯಬೇಕಾಗುತ್ತದೆ. ಸಿಕ್ಕಿಬಿದ್ದರೆ ವಿದ್ಯೆಯೂ ಇಲ್ಲ, ಊರಿನಲ್ಲಿ ಅಡವಿಟ್ಟ ಹೊಲವೂ ಇಲ್ಲ. ಬಡವನಿಗೆ ಕಟ್ಟಳೆ ಭಾರವಾಗಿರುವುದು ನಿಜ. ಆದರೆ ಆ ಭಾರವನ್ನು ಈ ಉಪಾಯ ಇಳಿಸುವುದಿಲ್ಲ, ಯಾರೂ ಕಾಣದ ಊರಿನಲ್ಲಿ ಅವನ ಹೆಗಲಿಗೆ ಮತ್ತೆ ಹೊರಿಸುತ್ತದೆ.

ಬೀದರಕ್ಕೆ ಹೊರದೇಶದವರು ಬರುತ್ತಿದ್ದ ಕಾಲವೊಂದಿತ್ತು. ಇಲ್ಲಿಯ ಮದರಸಾ ಕಟ್ಟಿಸಿದ ಮಹಮೂದ್ ಗವಾನನೇ ಪರ್ಷಿಯಾದ ಗೀಲಾನಿನವನು. ಅವನ ದಿನಗಳಲ್ಲಿಯೇ, 1469ರ ಸುಮಾರಿಗೆ, ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಮಾರಾಟಕ್ಕೆ ಕುದುರೆಯೊಂದನ್ನು ಹಿಡಿದುಕೊಂಡು ದಖ್ಖನಿಗೆ ಬಂದನು. ಜುನ್ನರದ ಅಧಿಕಾರಿ ಆ ಕುದುರೆಯನ್ನು ಕಸಿದುಕೊಂಡು, ಮತ ಬದಲಿಸಿದರೆ ಕುದುರೆಯ ಜೊತೆಗೆ ಸಾವಿರ ಹೊನ್ನು ಕೊಡುವೆನೆಂದೂ ನಾಲ್ಕು ದಿನದೊಳಗೆ ತೀರ್ಮಾನಿಸಬೇಕೆಂದೂ ಹೇಳಿದನು. ನಿಕಿತಿನ್ ಒಪ್ಪಲಿಲ್ಲ, ಖುರಾಸಾನಿನ ಒಬ್ಬ ಮುಸಲ್ಮಾನ ಸಜ್ಜನನೇ ನಡುವೆ ಬಂದು ಕುದುರೆಯನ್ನು ಬಿಡಿಸಿಕೊಟ್ಟನು. ದಾರಿಯ ಅನುಕೂಲಕ್ಕೆ ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರನ್ನೂ ಅವನು ಇಟ್ಟುಕೊಂಡಿದ್ದನು. ಬೀದರದಲ್ಲಿ ಪರಿಚಯವಾದ ಹಿಂದೂಗಳಿಗೆ ಮಾತ್ರ ತನ್ನ ನಿಜ ಮತವನ್ನೂ ನಿಜ ಹೆಸರನ್ನೂ ತಿಳಿಸಿದನು. ಅಂದಿನಿಂದ ಅವರು ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮುಚ್ಚಿಡಲಿಲ್ಲವೆಂದು ಅವನು ಬರೆದಿಟ್ಟಿದ್ದಾನೆ. ಹೆಸರಿನ ಮರೆ ಅವನಿಗೆ ದಾರಿ ಕೊಟ್ಟಿರಬಹುದು; ಮನೆಯ ಬಾಗಿಲು ತೆರೆದದ್ದು ನಿಜದಿಂದ.

ಇನ್ನು ದುಡಿಯಲು ಹೋಗುವವರ ವಿಷಯ. 2024ರ ಆರಂಭದಲ್ಲಿ ನೆರೆಯ ಕಲಬುರಗಿಯ ಮೂವರು ಯುವಕರೂ ತೆಲಂಗಾಣದ ನಾರಾಯಣಪೇಟೆಯ ಒಬ್ಬನೂ ಕಾವಲು ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಲುಕಿದ ಸುದ್ದಿ ಹೊರಬಿತ್ತು. ಅವರು ಮನೆಗೆ ಮರಳಿದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಇಲ್ಲಿ ಸುಳ್ಳು ಹೇಳಿದವರು ಹೊರಟವರಲ್ಲ, ಕಳುಹಿಸಿದವರು. ಪಾಪವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ಎಣಿಸುವ ಶಾಸ್ತ್ರಕ್ಕೆ ಇಂಥಲ್ಲಿ ತೂಗುವುದು ಸುಲಭ. ಪ್ರವಾಸಿ ವೀಸಾದ ಮೇಲೆ ದುಡಿಯಲು ಹೋದವನು ಕಟ್ಟಳೆ ಮೀರಿದ್ದಾನೆ, ನಿಜ. ಅವನ ಹಿಂದೆ ಹಸಿವಿದೆ. ಕಳುಹಿಸಿ ಹಣ ಎಣಿಸಿಕೊಂಡವನ ಹಿಂದೆ ಹಸಿವಿಲ್ಲ. ಊರಿನ ಪಂಚರು ಮೊದಲನೆಯವನನ್ನು ಬೈದು ಎರಡನೆಯವನಿಗೆ ಮದುವೆಯ ಪಂಕ್ತಿಯಲ್ಲಿ ಮುಂದಿನ ಎಲೆ ಹಾಕುವುದುಂಟು.

ಗಂಜಿನ ವ್ಯಾಪಾರಿಯ ಮುಂದೆ ಕುಳಿತ ರೈತನು ಇನ್ನೂ ಉತ್ತರಕ್ಕೆ ಕಾದಿದ್ದಾನೆ. ಬ್ಯಾಂಕು ಮಂಜೂರು ಮಾಡಿದ ವಿದ್ಯಾಸಾಲದ ಪತ್ರವನ್ನು ಇಂಗ್ಲೆಂಡಿನವರು ಹಣದ ಆಧಾರವೆಂದೇ ಒಪ್ಪುತ್ತಾರೆ. ಏಳೂವರೆ ಲಕ್ಷದವರೆಗಿನ ವಿದ್ಯಾಸಾಲಕ್ಕೆ ಆಸ್ತಿಯ ಅಡವಿಲ್ಲದೆ ಸರ್ಕಾರದ ಖಾತರಿ ಯೋಜನೆಯಿದೆ. ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಜಾಮೀನುದಾರ ಬೇಕಾಗಬಹುದು. ತಿಂಗಳ ಮಟ್ಟಿಗೆ ಲಕ್ಷಗಟ್ಟಲೆ ಕೊಡಲು ಹಿಂಜರಿಯದ ಅಡತಿ ವ್ಯಾಪಾರಿಯನ್ನು ಆ ಜಾಮೀನು ಪತ್ರಕ್ಕೆ ಸಹಿ ಹಾಕಲು ಕೇಳಿ ನೋಡಬೇಕು. ಅಲ್ಲಿ ಬಡ್ಡಿಯಿಲ್ಲ, ಹಣ ತಿಂಗಳಿಗೆ ಮರಳುವುದೂ ಇಲ್ಲ. ಹುಡುಗ ಓದಿ ಮುಗಿಸುವವರೆಗೆ ಹೆಸರು ಅಡವಾಗಿಯೇ ಇರುತ್ತದೆ.