ಹೊಟ್ಟೆಯ ಮೇಲೆ ಹೊಡೆಯುವ ವಾದ

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲು ನಿರಾಕರಿಸಿತು. ಆ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಕೂತು ಫೇಸ್‌ಬುಕ್ಕಿನಲ್ಲಿ ನಾಲ್ಕು ಪ್ಯಾರಾ ಬರೆದೆ. ಇಬ್ಬರು ಹೆಂಗಸರೋ ಇಬ್ಬರು ಗಂಡಸರೋ ಮದುವೆಯಾಗಿ ಬಾಳಿದರೆ ಉಳಿದವರ ಮದುವೆಗಳೇನೂ ಸವೆದುಹೋಗುವುದಿಲ್ಲ ಎಂಬುದು ಅದರ ಸಾರ. ಮೂರು ವಾರದ ನಂತರ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರ ಹುದ್ದೆಗೆ ಸಂದರ್ಶನವಿತ್ತು. ಸೀನಿಯರ್ ಒಬ್ಬರು ಫೋನ್ ಮಾಡಿ, ‘ಆ ಪೋಸ್ಟ್ ತೆಗೆದುಬಿಡು ಮಾರಾಯ, ಆಡಳಿತ ಮಂಡಳಿಯವರು ಇದನ್ನೆಲ್ಲ ನೋಡ್ತಾರೆ’ ಅಂದರು. ತೆಗೆದೆ. ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಯಾರೂ ಆ ವಿಷಯ ಎತ್ತಲೇ ಇಲ್ಲ.

ಆ ಪೋಸ್ಟಿನ ದೆಸೆಯಿಂದ ಕೆಲಸ ತಪ್ಪಿದ್ದರೆ ಅನ್ಯಾಯ ಎಂದು ಕೂಗುತ್ತಿದ್ದೆ. ಆದರೆ ನನಗೆ ತದ್ವಿರುದ್ಧವಾಗಿ ಬರೆದವನ ಕೆಲಸ ಹೋಗಿದ್ದರೆ? ಆಗಲೂ ಕೂಗುತ್ತಿದ್ದೆನೇ, ಇಲ್ಲಾ ಒಳಗೊಳಗೇ ‘ಸರಿಯಾಯ್ತು’ ಅಂದುಕೊಳ್ಳುತ್ತಿದ್ದೆನೇ? ಈ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡಲಾರದೆ ಹೋದದ್ದೇ ಈ ಬರಹಕ್ಕೆ ಕಾರಣ.

ಇಂಥ ಸಂದರ್ಭದಲ್ಲಿ ಎಲ್ಲರೂ ಎತ್ತುವ ಹೆಸರು ಬ್ರೆಂಡನ್ ಐಕ್. 1995ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದವರು, ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾವನ್ನು ಕಟ್ಟಿದವರಲ್ಲಿ ಒಬ್ಬರು. 2008ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಸಲಿಂಗ ಜೋಡಿಗಳಿಗೆ ಮದುವೆಯ ಬಾಗಿಲು ತೆರೆಯಿತು. ಅದೇ ನವೆಂಬರಿನಲ್ಲಿ ‘ಪ್ರೊಪೊಸಿಷನ್ 8’ ಎಂಬ ಜನಮತ ಆ ಬಾಗಿಲನ್ನು ಮತ್ತೆ ಮುಚ್ಚಿತು. ಮುಚ್ಚಬೇಕೆಂದು ನಡೆದ ಪ್ರಚಾರಕ್ಕೆ ಐಕ್ ಒಂದು ಸಾವಿರ ಡಾಲರ್ ಕೊಟ್ಟಿದ್ದರು. ಅಲ್ಲಿನ ಕಾನೂನಿನ ಪ್ರಕಾರ ದೇಣಿಗೆ ಕೊಟ್ಟವರ ಹೆಸರು, ಉದ್ಯೋಗ ಎಲ್ಲವೂ ಬಹಿರಂಗವಾಗುತ್ತವೆ. 2014ರ ಮಾರ್ಚ್ 24ರಂದು ಅವರು ಮೊಜಿಲ್ಲಾದ ಸಿಇಒ ಆದಾಗ ಈ ಹಳೆಯ ದೇಣಿಗೆ ಮತ್ತೆ ಎದ್ದು ನಿಂತಿತು. ಕೆಲವು ನೌಕರರು ಟ್ವಿಟರಿನಲ್ಲೇ ರಾಜೀನಾಮೆ ಕೇಳಿದರು. ಓಕೆಕ್ಯುಪಿಡ್ ಎಂಬ ಡೇಟಿಂಗ್ ತಾಣ, ಫೈರ್‌ಫಾಕ್ಸ್‌ನಿಂದ ಬಂದವರಿಗೆ ಬೇರೆ ಬ್ರೌಸರ್ ಬಳಸಿ ಎಂದು ವಿನಂತಿಸಿತು. ಏಪ್ರಿಲ್ 3ಕ್ಕೆ ಐಕ್ ಕೆಳಗಿಳಿದರು. ಅವರನ್ನು ತೆಗೆದುಹಾಕಲಿಲ್ಲ, ಅವರಾಗಿಯೇ ರಾಜೀನಾಮೆ ಕೊಟ್ಟರು ಎಂದು ಸಂಸ್ಥೆ ಹೇಳಿತು.

ಅವರ ವಿರೋಧಿಗಳ ಮಾತನ್ನು ನಾನು ಸುಲಭಕ್ಕೆ ತಳ್ಳಿಹಾಕಲಾರೆ. ಸಾವಿರ ಡಾಲರ್ ಬರೀ ಅಭಿಪ್ರಾಯವಲ್ಲ. ಇನ್ನೊಬ್ಬರ ಹಕ್ಕನ್ನು ಕಿತ್ತುಕೊಳ್ಳಲು ಕೊಟ್ಟ ದುಡ್ಡು. ಆ ಬೇಸಿಗೆ ಬಾಗಿಲು ತೆರೆದಿದ್ದ ಸುಮಾರು ಐದು ತಿಂಗಳಲ್ಲಿ ಸುಮಾರು 18,000 ಜೋಡಿಗಳು ಮದುವೆಯಾಗಿದ್ದವು. ಅಂಥ ಒಂದು ಮನೆಯಿಂದ ಬೆಳಿಗ್ಗೆ ಎದ್ದು ಕಚೇರಿಗೆ ಬರುವವಳಿಗೆ, ತನ್ನ ಸಂಸಾರವೇ ಇರಬಾರದು ಎಂದವನು ಮೇಲಧಿಕಾರಿ. ಸಿಇಒ ಸಂಸ್ಥೆಯ ಮುಖವೂ ಹೌದು. ಆ ಮುಖ ಬೇಡವೆಂದವರು ಬೇರೆ ಬ್ರೌಸರ್ ಬಳಸಿದರೆ ಅದು ಅವರ ಸ್ವಾತಂತ್ರ್ಯ. ಇನ್ನೊಂದು ಕಡೆ, ಕೆಲಸದಲ್ಲಿ ಯಾರಿಗೂ ಭೇದ ಮಾಡುವುದಿಲ್ಲ ಎಂದು ಐಕ್ ಲಿಖಿತವಾಗಿ ಮಾತು ಕೊಟ್ಟಿದ್ದರು. ಜೊತೆಗೆ ದುಡಿದ ಮಿಚೆಲ್ ಬೇಕರ್ ಕೂಡ ಕೆಲಸದಲ್ಲಿ ಅಂಥದ್ದನ್ನು ತಾವು ಕಂಡಿಲ್ಲ ಎಂದೇ ಬರೆದರು. ಅಷ್ಟು ಸಾಲದೆ, ನಂಬಿಕೆಯನ್ನೇ ಹಿಂತೆಗೆದುಕೊಳ್ಳಿ ಎಂಬ ಒತ್ತಾಯ ಬಂತು. ಅದಕ್ಕೆ ಅವರು ಒಪ್ಪಲಿಲ್ಲ. ಈ ಪ್ರಕರಣದಲ್ಲಿ ನನ್ನ ಮನಸ್ಸು ಇನ್ನೂ ಓಲಾಡುತ್ತದೆ.

ಓಲಾಡದಿರುವುದು ಇನ್ನೊಂದು ಪ್ರಕರಣದಲ್ಲಿ. 2011ರಲ್ಲಿ ಇಂಗ್ಲೆಂಡಿನ ಟ್ರ್ಯಾಫರ್ಡ್‌ನ ವಸತಿ ಟ್ರಸ್ಟ್ ಒಂದರಲ್ಲಿ ಮ್ಯಾನೇಜರ್ ಆಗಿದ್ದ ಕ್ರೈಸ್ತರೊಬ್ಬರು, ಚರ್ಚುಗಳಲ್ಲಿ ಸಲಿಂಗ ವಿವಾಹಕ್ಕೆ ಅವಕಾಶ ಕೊಡುವ ಸುದ್ದಿಯೊಂದನ್ನು ತಮ್ಮ ಫೇಸ್‌ಬುಕ್ ಪುಟದಲ್ಲಿ ಹಂಚಿಕೊಂಡು, ಸಮಾನತೆಯ ಹೆಸರಿನಲ್ಲಿ ಇದು ಅತಿಯಾಯಿತು ಎಂಬರ್ಥದ ಒಂದು ಮಾತು ಬರೆದರು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಟ್ರಸ್ಟ್ ಅವರನ್ನು ಕೆಳದರ್ಜೆಗೆ ಇಳಿಸಿತು, ಸಂಬಳ ಶೇ. 40ರಷ್ಟು ಕಡಿತವಾಯಿತು. 2012ರಲ್ಲಿ ಹೈಕೋರ್ಟ್ ಟ್ರಸ್ಟಿನದೇ ತಪ್ಪು ಎಂದಿತು. ಕಾನೂನಿನ ಲೆಕ್ಕಾಚಾರದಲ್ಲಿ ಅವರಿಗೆ ಸಿಕ್ಕ ಪರಿಹಾರ ಮಾತ್ರ ನೂರು ಪೌಂಡಿಗಿಂತ ಕಡಿಮೆ. ನನಗೆ ಮುಖ್ಯವೆನಿಸಿದ್ದು ಬೇರೆ: ಸಲಿಂಗಿಗಳ ಹಕ್ಕುಗಳಿಗಾಗಿ ಜೀವನವಿಡೀ ಹೋರಾಡಿದ ಪೀಟರ್ ಟ್ಯಾಚೆಲ್ ಈ ಮನುಷ್ಯನ ಪರವಾಗಿ ಮಾತಾಡಿದರು. ಅಭಿಪ್ರಾಯವನ್ನು ಒಪ್ಪಿ ಅಲ್ಲ, ಶಿಕ್ಷೆಯನ್ನು ಒಪ್ಪದೆ.

ನಮ್ಮಲ್ಲಿ ಒಂದು ಮಾತಿದೆ: ಬೆನ್ನಿನ ಮೇಲೆ ಹೊಡೆ, ಹೊಟ್ಟೆಯ ಮೇಲೆ ಹೊಡೆಯಬೇಡ. ಜಾನ್ ಸ್ಟುವರ್ಟ್ ಮಿಲ್ 1859ರಲ್ಲೇ ಬೇರೆ ದಾರಿಯಲ್ಲಿ ಇಲ್ಲಿಗೇ ಬಂದಿದ್ದ: ದುಡಿದು ತಿನ್ನುವ ದಾರಿ ಮುಚ್ಚುವುದಕ್ಕೂ ಜೈಲಿಗೆ ಹಾಕುವುದಕ್ಕೂ ಹೆಚ್ಚು ಅಂತರವಿಲ್ಲ ಎಂಬುದು ಅವನ ವಾದ. ಹೊಟ್ಟೆಯ ಮೇಲೆ ಹೊಡೆದಾಗ ಎದುರಾಳಿ ಮನಸ್ಸು ಬದಲಿಸುವುದಿಲ್ಲ, ಬಾಯಿ ಮುಚ್ಚುತ್ತಾನೆ. ಇವೆರಡೂ ಒಂದೇ ಅಲ್ಲ ಎಂದು, ಬಾಯಿ ಮುಚ್ಚಿದವನಾಗಿ, ನನಗೆ ಚೆನ್ನಾಗಿ ಗೊತ್ತು.

ಈ ಏಟು ಮೊದಲು ಯಾರ ಮೇಲೆ ಬಿದ್ದಿತ್ತು ಎಂಬುದನ್ನೂ ನೆನೆಯಬೇಕು. ಫ್ರಾಂಕ್ ಕ್ಯಾಮೆನಿ ಹಾರ್ವರ್ಡಿನಲ್ಲಿ ಖಗೋಳಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು. ಅಮೆರಿಕದ ಸೇನೆಯ ನಕ್ಷೆ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ಅವರನ್ನು ಸಲಿಂಗಿ ಎಂಬ ಕಾರಣಕ್ಕೆ 1957ರಲ್ಲಿ ವಜಾ ಮಾಡಲಾಯಿತು. ಸುಪ್ರೀಂ ಕೋರ್ಟಿನವರೆಗೆ ಹೋದರು. 1961ರಲ್ಲಿ ಕೋರ್ಟ್ ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಸರ್ಕಾರ ಕ್ಷಮೆ ಕೇಳಿದ್ದು 2009ರಲ್ಲಿ. ಆ ದಶಕದಲ್ಲಿ ಸಾವಿರಾರು ಜನ ಹೀಗೆ ಕೆಲಸ ಕಳೆದುಕೊಂಡರು. ಈಗ ಅದೇ ದೊಣ್ಣೆ ಕೈ ಬದಲಿಸಿದರೆ ನ್ಯಾಯ ಅನ್ನಿಸಬಹುದು. ಆದರೆ ದೊಣ್ಣೆಗೆ ನಿಷ್ಠೆ ಇರುವುದಿಲ್ಲ. ಅದು ಯಾರ ಕೈಗೆ ಸಿಗುತ್ತದೋ ಅವರದು, ಮತ್ತು ನಮ್ಮ ಊರುಗಳಲ್ಲಿ ಅದು ಇವತ್ತಿಗೂ ಇರುವುದು ನನ್ನಂಥವರ ವಿರುದ್ಧದ ಕೈಯಲ್ಲೇ.

ಇಲ್ಲೊಂದು ಆಕ್ಷೇಪ ಬರುತ್ತದೆ. ಕ್ಯಾಮೆನಿ ಕಳೆದುಕೊಂಡದ್ದು ತಾವು ಏನಾಗಿದ್ದರೋ ಅದಕ್ಕಾಗಿ; ಆ ಮ್ಯಾನೇಜರ್ ಕಳೆದುಕೊಂಡದ್ದು ತಾವು ಹೇಳಿದ್ದಕ್ಕಾಗಿ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬಹುದೇ? ಹಾಕಬಾರದು, ಒಪ್ಪುತ್ತೇನೆ. ನೋವಿನ ತೂಕ ಬೇರೆ ಬೇರೆ. ಆದರೆ ಕೆಲಸ ಕೊಟ್ಟವನಿಗೆ ನನ್ನ ಬದುಕಿನ ಎಷ್ಟು ಭಾಗದ ಮೇಲೆ ಹಕ್ಕಿದೆ ಎಂಬ ಪ್ರಶ್ನೆ ಎರಡರಲ್ಲೂ ಒಂದೇ. ನನ್ನ ಉತ್ತರ ಹೀಗಿದೆ: ಅವನು ಕೆಲಸದ ಲೆಕ್ಕ ಕೇಳಬಹುದು. ಸಲಿಂಗ ಜೋಡಿಗೆ ಮನೆ ಕೊಡಲು ಆ ಮ್ಯಾನೇಜರ್ ಸತಾಯಿಸಿದ್ದರೆ, ಸಹೋದ್ಯೋಗಿಯನ್ನು ಹೀಯಾಳಿಸಿದ್ದರೆ, ಮನೆಗೆ ಕಳಿಸಲಿ, ನಾನೂ ಚಪ್ಪಾಳೆ ತಟ್ಟುತ್ತೇನೆ. ಅಧಿಕಾರ ದೊಡ್ಡದಾದಷ್ಟೂ ಲೆಕ್ಕವೂ ಬಿಗಿಯಾಗಲಿ. ಐಕ್ ವಿಷಯದಲ್ಲಿ ನಾನು ಓಲಾಡುವುದು ಅದಕ್ಕೇ. ಆದರೆ ಕೆಲಸ ಉಳಿಯಲು ನಂಬಿಕೆಯನ್ನೇ ಬಿಡು ಎಂದು ಕೇಳುವ ಹಕ್ಕು ಸಂಬಳ ಕೊಡುವವನಿಗಿಲ್ಲ.

ನಮ್ಮ ಸ್ಟಾಫ್ ರೂಮಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಮೇಷ್ಟ್ರೊಬ್ಬರಿದ್ದಾರೆ. ‘ಇದೆಲ್ಲ ಹೊರಗಿಂದ ಬಂದ ಕಾಯಿಲೆ ಕಣಯ್ಯ’ ಅನ್ನುತ್ತಲೇ ನನ್ನ ಡಬ್ಬಿಗೆ ಚಿತ್ರಾನ್ನ ಹಾಕುತ್ತಾರೆ. ಅವರ ಕೆಲಸಕ್ಕೆ ಕುತ್ತು ಬಂದರೆ ಅವರ ಪರ ಸಹಿ ಹಾಕುವವರಲ್ಲಿ ನಾನೂ ಇರುತ್ತೇನೆ. ಆದರೆ ಅವರ ಮಾತು ತಪ್ಪು ಎಂದು ಅವರ ಮುಖಕ್ಕೆ ಒಂದು ಸಲವೂ ಹೇಳಿಲ್ಲ. ಯಾರೂ ಹೇಳದ್ದರಿಂದ ಎಲ್ಲರೂ ಒಪ್ಪಿದ್ದಾರೆ ಎಂದೇ ಅವರು ತಿಳಿದಿದ್ದಾರೆ. ನಾವು ಪಾಠ ಮಾಡುವ ತರಗತಿಯಲ್ಲಿ ಅರವತ್ತು ಮಕ್ಕಳಿದ್ದಾರೆ. ಅವರಲ್ಲಿ ಯಾವುದೋ ಒಂದು ಮಗುವೂ ಹಾಗೆಯೇ ತಿಳಿದಿರಬಹುದು.

ಮೊನ್ನೆ ಹಳೆಯ ಫೈಲಿನಲ್ಲಿ ಉಳಿದಿದ್ದ ಆ ನಾಲ್ಕು ಪ್ಯಾರಾಗಳನ್ನು ಮತ್ತೆ ಹಾಕಿದ್ದೇನೆ. ಮೊದಲ ಕಾಮೆಂಟ್ ಮೇಷ್ಟ್ರದೇ: ‘ನಾಳೆ ಊಟಕ್ಕೆ ಬಾ, ಮಾತಾಡೋಣ.’ ಈ ವರ್ಷದ ನೇಮಕಾತಿ ಪಟ್ಟಿ ಇನ್ನೂ ಬಂದಿಲ್ಲ.