ಸಿಂಹಾಸನವನ್ನೇರಿದ ಬಗೆ

ಅರಸನ ಕಥೆಯನ್ನು ಕೇಳುವವರಿಗೆ ಅವನು ಆಳಿದ ಬಗೆಗಿಂತ ಏರಿದ ಬಗೆಯೇ ಹೆಚ್ಚು ರುಚಿ. ಪುರಾಣಶ್ರವಣಕ್ಕೆ ಕುಳಿತವರಾಗಲಿ, ಬಯಲಾಟಕ್ಕೆ ನೆರೆದವರಾಗಲಿ, ಇಂದು ಮನೆಯೊಳಗೆ ದೂರದರ್ಶನದ ಮುಂದೆ ಕುಳಿತವರಾಗಲಿ, ಒಬ್ಬನು ಮೆಟ್ಟಿಲು ಮೆಟ್ಟಿಲಾಗಿ ಗದ್ದುಗೆಯನ್ನು ಸಮೀಪಿಸುವುದನ್ನು ಉಸಿರು ಬಿಗಿಹಿಡಿದು ನೋಡುತ್ತಾರೆ; ನೋಡುತ್ತ ನೋಡುತ್ತ ಅವನ ಪಕ್ಷವನ್ನೇ ವಹಿಸುತ್ತಾರೆ. ಅವನು ಸುಳ್ಳಾಡಿದರೆ ಜಾಣತನವೆನಿಸುತ್ತದೆ, ಕೊಲ್ಲಿಸಿದರೆ ಅನಿವಾರ್ಯವಾಗಿತ್ತೆನಿಸುತ್ತದೆ. ಪದವಿಯು ಕೈಸೇರಿದ ಮಾತ್ರಕ್ಕೆ ಅದು ಸೇರಿದ ಮಾರ್ಗದ ದೋಷವು ಪರಿಹಾರವಾಗುವುದೇ ಎಂಬ ಪ್ರಶ್ನೆಯನ್ನು ಅಂಥ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಆದುದರಿಂದಲೇ ಅದು ವಿಚಾರಣೀಯ.

ಪಾಶ್ಚಾತ್ಯರು ಈ ಬಗೆಯ ಕಥೆಗೆ ರೋಮ್ ನಗರದ ಚರಿತ್ರೆಯನ್ನು ಮತ್ತೆ ಮತ್ತೆ ಆಶ್ರಯಿಸಿದ್ದಾರೆ. 2003ರಲ್ಲಿ ದೂರದರ್ಶನಕ್ಕಾಗಿ ನಿರ್ಮಿತವಾದ ‘ಇಂಪೀರಿಯಂ: ಅಗಸ್ಟಸ್’ ಎಂಬ ಚಿತ್ರವು ಅವುಗಳಲ್ಲೊಂದು. ಅದರಲ್ಲಿ ಪೀಟರ್ ಓಟೂಲ್ ಎಂಬ ಪ್ರಸಿದ್ಧ ನಟನು ಮುಪ್ಪಿನ ಅಗಸ್ಟಸನ ಪಾತ್ರವನ್ನು ವಹಿಸಿದ್ದಾನೆ. ಮುದುಕನಾದ ಚಕ್ರವರ್ತಿಯು ತಾನು ಮೇಲೇರಿ ಬಂದ ವೃತ್ತಾಂತವನ್ನು ಮಗಳಾದ ಜೂಲಿಯಳಿಗೆ ಹೇಳುವಂತೆ ಕಥೆಯ ಕಟ್ಟಡವಿದೆ. ಚರಿತ್ರೆಯಲ್ಲಿ ನಡೆದುದು ಹೀಗೆ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನು ಹತನಾದಾಗ ಅವನ ದತ್ತುಮಗನಾದ ಆಕ್ಟೇವಿಯನ್ನನಿಗೆ 18 ವರ್ಷ. ಮರುವರ್ಷವೇ ಆತನು ಆಂಟನಿ, ಲೆಪಿಡಸ್ ಎಂಬಿಬ್ಬರೊಡನೆ ಕೂಡಿ ಕೊಲ್ಲಬೇಕಾದವರ ಪಟ್ಟಿಯನ್ನು ಹೊರಡಿಸಿದನು. ಮಹಾವಾಗ್ಮಿಯಾದ ಸಿಸೆರೊ ಆ ಪಟ್ಟಿಗೆ ಬಲಿಯಾದನು. ಕ್ರಿ.ಪೂ. 31ರಲ್ಲಿ ಆಕ್ಟಿಯಂ ಎಂಬಲ್ಲಿ ಆಂಟನಿಯೂ ಸೋತ ಮೇಲೆ ಎದುರಾಳಿಗಳೇ ಉಳಿಯಲಿಲ್ಲ. ಕ್ರಿ.ಪೂ. 27ರಲ್ಲಿ ಅವನು ರಾಜ್ಯಭಾರವನ್ನು ಸಭೆಗೂ ಪ್ರಜೆಗಳಿಗೂ ಮರಳಿ ಒಪ್ಪಿಸಿದೆನೆಂದು ಸಾರಿದನು. ಸಭೆಯವರು ಅವನಿಗೆ ‘ಅಗಸ್ಟಸ್’ ಎಂಬ ಬಿರುದನ್ನಿತ್ತರು. ಸೇನೆಯು ಮಾತ್ರ ಅವನ ಕೈಯಲ್ಲಿಯೇ ಉಳಿಯಿತು. ತನ್ನ ಸಾಧನೆಗಳನ್ನು ಅವನು ತಾನೇ ಬರೆದಿಟ್ಟ ಒಕ್ಕಣೆಯನ್ನು ಅಂಕಾರಾ ನಗರದ ದೇವಾಲಯದ ಗೋಡೆಯ ಮೇಲೆ ಇಂದಿಗೂ ಕಾಣಬಹುದು.

ಏರಿದವನೇ ತನ್ನ ಏರಿಕೆಯನ್ನು ಬಣ್ಣಿಸುವಾಗ ಆರೋಪಿಯೇ ಸಾಕ್ಷಿಯೂ ನ್ಯಾಯಾಧಿಪತಿಯೂ ಆಗಿಬಿಡುತ್ತಾನೆ. ಚಿತ್ರದಲ್ಲಿ ಮಗಳಿಗೆ ಕಥೆ ಹೇಳುವ ಈ ತಂದೆ ಕ್ರಿ.ಪೂ. 2ರಲ್ಲಿ ಅದೇ ಮಗಳನ್ನು ಪುಟ್ಟ ದ್ವೀಪವೊಂದಕ್ಕೆ ಗಡೀಪಾರು ಮಾಡಿದನೆಂಬುದನ್ನು ನೆನೆದರೆ ಆ ಮುಪ್ಪಿನ ಮೃದುವಾಣಿ ಬೇರೆಯಾಗಿಯೇ ಕೇಳಿಸುತ್ತದೆ.

ಇದು ಎಲ್ಲಿಯೋ ದೂರದ ರೋಮಿನ ಮಾತೆಂದು ತಳ್ಳಿಹಾಕುವಂತಿಲ್ಲ. ವಿಜಯಪುರ ಸೀಮೆಯೂ ಇಂಥದೊಂದು ಆರೋಹಣವನ್ನು ಕಂಡಿದೆ. ತಿಕೋಟಾ ತಾಲೂಕಿನ ಹೊನವಾಡವು ಹಿಂದೆ ಪೊನ್ನವಾಡವೆಂಬ ಅಗ್ರಹಾರವಾಗಿತ್ತು. ಅಲ್ಲಿಯ 1054ರ ಶಾಸನವು ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಕಾಲದ್ದು. ಆತನ ರಾಣಿ ಕೇತಲದೇವಿಯು ಆ ಅಗ್ರಹಾರವನ್ನು ಆಳುತ್ತಿದ್ದುದನ್ನೂ, ಚಾಂಕಿರಾಜನು ಅಲ್ಲಿ ತ್ರಿಭುವನತಿಲಕವೆಂಬ ಜಿನಾಲಯವನ್ನು ಕಟ್ಟಿಸಿದುದನ್ನೂ ಅದು ತಿಳಿಸುತ್ತದೆ. ಆ ಕಾಲದ ಶಾಸನಗಳಿಗೆ ಒಂದು ಕ್ರಮವಿತ್ತು. ಮೊದಲು ಚಕ್ರವರ್ತಿಯ ಬಿರುದಾವಳಿ. ಅನಂತರ ‘ತತ್ಪಾದಪದ್ಮೋಪಜೀವಿ’, ಎಂದರೆ ಅವನ ಅಡಿದಾವರೆಯನ್ನು ಆಶ್ರಯಿಸಿ ಬದುಕುವವನು, ಎಂದು ಸಾಮಂತನ ಹೆಸರು. ಇದು ಕೇವಲ ಅಲಂಕಾರವಾಗಿರಲಿಲ್ಲ. ಭೂಮಿಯನ್ನು ಯಾರು ಯಾರಿಂದ ಪಡೆದು ಆಳುತ್ತಿರುವರೆಂಬ ಕರಾರು ಆ ಒಂದು ಸಮಾಸಪದದಲ್ಲಿ ಅಡಕವಾಗಿತ್ತು.

ಈ ಶಾಸನವಾದ ನೂರು ವರ್ಷಗಳಲ್ಲಿ ಆ ಕರಾರು ಸಡಿಲಾಯಿತು. ಮಂಗಳವಾಡದ ಕಲಚುರಿಗಳು ಚಾಳುಕ್ಯರ ಮಹಾಮಂಡಳೇಶ್ವರರು. ವಿಜಯಪುರ ಸೀಮೆಯಲ್ಲಿ ಹಬ್ಬಿದ್ದ ತರ್ದವಾಡಿ ಸಾವಿರವೂ ಅವರ ಆಡಳಿತಕ್ಕೆ ಬಂದಿತ್ತು. ಆ ವಂಶದ ಬಿಜ್ಜಳನ ಕಾಲಕ್ಕೆ ಕಲ್ಯಾಣದಲ್ಲಿದ್ದವನು ಮೂರನೆಯ ತೈಲಪ. ಅವನು ದುರ್ಬಲ, ಕಾಕತೀಯ ಪ್ರೋಲನ ಕೈಗೆ ಒಮ್ಮೆ ಸೆರೆಸಿಕ್ಕು ಬಿಡುಗಡೆಹೊಂದಿದವನು. ಬಿಜ್ಜಳನು ಅವನನ್ನು ಒಂದೇ ದಿನದಲ್ಲಿ ಕೆಡವಲಿಲ್ಲ. 1157ರಿಂದ ತನ್ನ ಆಳಿಕೆಯ ವರ್ಷಗಳನ್ನು ಎಣಿಸತೊಡಗಿದನು. ಆದರೂ ಮಹಾಮಂಡಳೇಶ್ವರನೆಂಬ ಸಾಮಂತಪದವಿಯನ್ನು ಕೆಲವೆಡೆ ಹಾಗೆಯೇ ಉಳಿಸಿಕೊಂಡನು. 1162ರ ಹೊತ್ತಿಗೆ ಕಲ್ಯಾಣವು ಅವನ ವಶವಾಗಿ, ಸಾಮ್ರಾಟನ ಬಿರುದುಗಳೆಲ್ಲ ಅವನ ಹೆಸರಿಗೆ ಬಂದು ಸೇರಿದವು; ಭುಜಬಲಚಕ್ರವರ್ತಿ ಎಂಬುದು ಅವುಗಳಲ್ಲೊಂದು. ನಡುವಣ ಈ ಐದು ವರ್ಷಗಳೇ ನೀತಿವಿಚಾರಕ್ಕೆ ಮುಖ್ಯವಾದವು. ರಾಜ್ಯವನ್ನು ಕತ್ತಿಯಿಂದ ಗೆದ್ದವನು ಗೆದ್ದೆನೆಂದಾದರೂ ಹೇಳಿಕೊಳ್ಳುತ್ತಾನೆ. ಒಡೆಯನ ಹೆಸರನ್ನು ಮುಂದಿಟ್ಟುಕೊಂಡು ಒಡೆತನವನ್ನು ತಾನು ಅನುಭವಿಸುವವನ ನುಡಿಗೂ ನಡೆಗೂ ದಿನದಿನವೂ ಅಂತರ ಬೆಳೆಯುತ್ತದೆ. ರೋಮಿನಲ್ಲಿ ಸಭೆಯ ಹೆಸರು ಮಾಡಿದ ಕೆಲಸವನ್ನೇ ಕಲ್ಯಾಣದಲ್ಲಿ ತೈಲಪನ ಹೆಸರು ಮಾಡಿತು.

ಕನ್ನಡದ ತೆರೆಯೂ ರಂಗವೂ ಬಿಜ್ಜಳನನ್ನು ಬಲ್ಲವು. 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನವರಾಗಿಯೂ ರಾಜಕುಮಾರರು ಬಿಜ್ಜಳನಾಗಿಯೂ ಅಭಿನಯಿಸಿದರು. ಕಥಾನಾಯಕರು ಶ್ರೀ ಬಸವೇಶ್ವರರಾದುದರಿಂದ ಅಲ್ಲಿ ಪ್ರೇಕ್ಷಕರ ಕಣ್ಣಿಗೆ ಬಿಜ್ಜಳನು ಪ್ರಧಾನವಾಗಿ ಗದ್ದುಗೆಯ ಮೇಲಿನ ದೊರೆಯೇ. ಗಿರೀಶ ಕಾರ್ನಾಡರ ‘ತಲೆದಂಡ’ (1990) ನಾಟಕದಲ್ಲಿ ಅವನು ಆಗಲೇ ಏರಿ ಕುಳಿತ ಹಿರಿಯ; ತನ್ನ ಕುಲದ ಮೂಲವನ್ನು ಜನರು ಮರೆಯಲೊಲ್ಲರೆಂಬ ಕೊರಗು ಅವನನ್ನು ಕಾಡುತ್ತದೆ; ಕಡೆಗೆ ಮಗ ಸೋವಿದೇವನೇ ಅವನನ್ನು ಸೆರೆಯಲ್ಲಿಟ್ಟು ಅಧಿಕಾರವನ್ನು ಕಸಿಯುತ್ತಾನೆ. ಇದು ಕವಿಕಲ್ಪನೆಯಾದರೂ ತೂಕದ ಕಲ್ಪನೆ. ಒಡೆಯನಿಗೆ ತಾನು ಮಾಡಿದುದನ್ನೇ ಬಿಜ್ಜಳನು ಮಗನಿಂದ ಅನುಭವಿಸುವುದನ್ನು ಕಂಡಾಗ, ತೆರೆಯ ಮೇಲೆ ಕಾಣದಿದ್ದ ಮೆಟ್ಟಿಲುಗಳೂ ಪ್ರೇಕ್ಷಕನಿಗೆ ಹೊಳೆಯುತ್ತವೆ. ಚರಿತ್ರೆಯಲ್ಲಿಯೂ ಹಾಗೆಯೇ ಆಯಿತೆನ್ನಬಹುದು. 1167ರಲ್ಲಿ ರಾಜ್ಯವು ಸೋವಿದೇವನ ಕೈಸೇರಿದ ಮೇಲೆ ಅವನ ತಮ್ಮಂದಿರು ಒಬ್ಬರಾದ ಮೇಲೊಬ್ಬರಂತೆ ಬಂದುಹೋದರು. ಸುಮಾರು 1184ರಲ್ಲಿ ಚಾಳುಕ್ಯ ನಾಲ್ಕನೆಯ ಸೋಮೇಶ್ವರನು ಮರಳಿ ತಲೆಯೆತ್ತಿದಾಗ ಅವನ ಬಲಗೈಯಾದ ಬ್ರಹ್ಮನು ಕಲಚುರಿಗಳ ದಂಡನಾಯಕನಾದ ಕಾವಣನ ಮಗನೇ ಆಗಿದ್ದನು! ಕಲಚುರಿಗಳ ಉಪ್ಪುಂಡ ಮನೆತನವೇ ಅವರ ಕೈಬಿಟ್ಟಿತು.

ಹೀಗಿರಲು ಇನ್ನೊಂದು ಪ್ರಶ್ನೆಯನ್ನು ಮರೆಮಾಚಲಾಗದು. ಇಂಥ ಅರಸನಲ್ಲಿ ಬಸವಣ್ಣನವರು ಸೇವೆಗೈದರು. ಮಂಗಳವಾಡದಲ್ಲಿ ಕರಣಿಕರಾಗಿ ಸೇರಿ, ಮುಂದೆ ಕಲ್ಯಾಣದ ಭಂಡಾರಿಗಳಾದರೆಂಬುದು ಪರಂಪರೆ. ಅಕ್ರಮವಾಗಿ ಏರಿದವನ ಭಂಡಾರವನ್ನು ಧರ್ಮಿಷ್ಠನು ಕಾಯಬಹುದೇ? ಭವಿಯಾದ ಬಿಜ್ಜಳನನ್ನು ಓಲೈಸುವರೆಂಬ ನಿಂದೆ ಅವರ ಕಾಲದಲ್ಲಿಯೇ ಇತ್ತು. ಅದಕ್ಕೆ ಅವರು ತಮ್ಮ ವಚನದಲ್ಲಿಯೇ ಉತ್ತರವಿತ್ತಿದ್ದಾರೆ. ತಮ್ಮ ಒಡಲಿಗಾಗಿ ದುಡಿಯುತ್ತಿಲ್ಲ, ದಾಸೋಹಕ್ಕಾಗಿ ದುಡಿಯುತ್ತಿರುವೆನೆಂಬುದು ಅದರ ಸಾರ. ಭಂಡಾರದ ಹೊನ್ನು ತೈಲಪನದೂ ಅಲ್ಲ, ಬಿಜ್ಜಳನದೂ ಅಲ್ಲ, ಒಕ್ಕಲಿಗನ ಬೆವರಿನದು; ಅದರ ಲೆಕ್ಕವನ್ನು ಶುದ್ಧವಾಗಿಡುವ ಕಾಯಕಕ್ಕೆ ಅರಸನ ದೋಷವು ಅಂಟದು ಎಂದು ಈ ಉತ್ತರವನ್ನು ಮುಂದುವರಿಸಬಹುದು. ಇದು ನ್ಯಾಯವಾದ ಮಾತೇ. ಆದರೂ ಇಲ್ಲಿಗೆ ವಾದವು ಮುಗಿಯುವುದಿಲ್ಲ. ಸಜ್ಜನನೊಬ್ಬನು ಆಸ್ಥಾನದಲ್ಲಿರುವುದು ಆಸ್ಥಾನಕ್ಕೆ ಶೋಭೆ. ಆ ಶೋಭೆಯ ಮರೆಯಲ್ಲಿ ಏರಿಕೆಯ ಕಲೆಯು ಮಾಸಿಹೋಗುತ್ತದೆ. ಬಿಜ್ಜಳನಿಗೆ ಇದು ತಿಳಿಯದೆ ಇದ್ದೀತೇ? ಹರಳಯ್ಯ ಮಧುವರಸರ ಮನೆಗಳಲ್ಲಿ ನಡೆದ ಮದುವೆಗಾಗಿ ಅವರಿಬ್ಬರಿಗೂ ಘೋರಶಿಕ್ಷೆಯಾದುದನ್ನೂ, ಬಸವಣ್ಣನವರು ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ತೆರಳಿದುದನ್ನೂ ಪರಂಪರೆಯು ಒಟ್ಟಿಗೆ ನೆನೆಯುತ್ತದೆ. ಕಾಯಕವು ಅರಸನ ಅಧರ್ಮದಿಂದ ಬೇರೆಯಾಗಿ ನಿಲ್ಲಬಲ್ಲುದು ಎಲ್ಲಿಯವರೆಗೆ ಎಂಬುದಕ್ಕೆ ಅವರ ಬಾಳು ಒಂದು ಎಲ್ಲೆಯನ್ನು ಎಳೆದು ತೋರಿಸಿತು. ಆ ಎಲ್ಲೆಯನ್ನು ಇನ್ನೂ ಮೊದಲೇ ಎಳೆಯಬೇಕಾಗಿತ್ತೆನ್ನುವವರೂ ಇರಬಹುದು. ಅವರ ಮಾತನ್ನು ಸುಲಭವಾಗಿ ಅಲ್ಲಗಳೆಯಲಾಗದು.

ಮುಂದೆ ಯಾರಾದರೂ ಬಿಜ್ಜಳನ ಆರೋಹಣವನ್ನೇ ವಸ್ತುವಾಗಿ ಚಿತ್ರ ತೆಗೆಯುವುದಾದರೆ ರಾಜ್ಯಾಭಿಷೇಕದ ವಾದ್ಯಘೋಷದಿಂದ ಆರಂಭಿಸಬೇಕಾಗಿಲ್ಲ. ಶಾಸನ ಕಡೆಯುವ ಒಬ್ಬ ರೂವಾರಿಯಿಂದ ಆರಂಭಿಸಿದರೆ ಸಾಕು. ಅವನು ತಂದೆಯ ಕಾಲದಿಂದಲೂ ಒಂದೇ ಕ್ರಮದಲ್ಲಿ ಅಕ್ಷರ ಕಡೆದವನು. ಈ ಸಲ ಕರಣಿಕನು ತಂದ ಓಲೆಯಲ್ಲಿ ತೈಲಪನ ಹೆಸರಿಲ್ಲ. ‘ತತ್ಪಾದಪದ್ಮೋಪಜೀವಿ’ ಎಂಬ ಪದವೂ ಇಲ್ಲ. ಓಲೆಯನ್ನು ಎರಡು ಸಲ ಓದಿಕೊಂಡು ಅವನು ಕರಣಿಕನ ಮುಖವನ್ನು ನೋಡುತ್ತಾನೆ. ಕರಣಿಕನು ಮಾತಾಡುವುದಿಲ್ಲ. ಉಳಿಯನ್ನು ಕಲ್ಲಿಗಿಡುವ ಮುನ್ನ ಆ ರೂವಾರಿಯ ಮನಸ್ಸಿನಲ್ಲಿ ನಡೆಯುವುದನ್ನು ನಟನೊಬ್ಬನು ಮುಖದಲ್ಲಿಯೇ ತೋರಿಸಬಲ್ಲನಾದರೆ ಆ ಐದು ವರ್ಷಗಳ ಕಥೆಯನ್ನೆಲ್ಲ ಹೇಳಿದಂತೆಯೇ.